ಮೂಡಬಿದಿರೆಯ ಮಾತಿನ ಡಾಕ್ಟರು

ಮನಸ್ಸಿನ ಕಾಯಿಲೆಗೆ ಮದ್ದು ಹುಡುಕಿಕೊಂಡು ಹೊರಟವನಿಗೆ ದಾರಿಯುದ್ದಕ್ಕೂ ನಗುವಂಥದ್ದೇ ಎದುರಾಗುತ್ತದೆ. ಆದರೆ ಆಗ ನಗು ಬರುವುದಿಲ್ಲ, ಅದೊಂದೇ ಕಷ್ಟ. ನನಗೆ ಬರಲಿಕ್ಕೆ ಕೆಲವು ವರ್ಷ ಬೇಕಾಯಿತು.

ಸ್ವರ ನಿಂತದ್ದು

ಅರುವತ್ತರ ದಶಕದ ಶುರುವಿನ ಮಾತು. ನಾನು ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಲಾಯಿಲದಲ್ಲಿ ಬಾಡಿಗೆ ಮನೆ, ಆಗಷ್ಟೇ ಮದುವೆ. ಎಲ್ಲ ಸರಿಯಾಗಿಯೇ ಇತ್ತು, ಹೊಸ ಹೆಡ್‌ಮಾಸ್ಟ್ರು ಬರುವವರೆಗೆ. ಎತ್ತರದ ಆಳು, ದಪ್ಪ ಮೀಸೆ. ಕ್ಲಾಸಿನ ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ನಿಂತು ಒಮ್ಮೆ "ಹ್ಞೂಂ" ಅನ್ನುವರು. ಅದು ಕಿವಿಗೆ ಬಿದ್ದ ಕೂಡಲೇ ನನ್ನ ಸ್ವರ ನಿಂತುಹೋಗುತ್ತಿತ್ತು. ಬಾಯಿ ಆಡುತ್ತದೆ, ಶಬ್ದ ಇಲ್ಲ. ಅವರು ಆಚೆ ಹೋದರೆ ಸ್ವರ ವಾಪಸು.

ಮಕ್ಕಳು ಮೊದಲು ಹೆದರಿದರು. ಆಮೇಲೆ ಅವರಿಗೆ ಅಭ್ಯಾಸವಾಗಿ, ನನ್ನ ತುಟಿ ನೋಡಿಯೇ ನೋಟ್ಸ್ ಬರೆದುಕೊಳ್ಳತೊಡಗಿದರು.

ಒಂದು ದಿನ ಹೆಡ್‌ಮಾಸ್ಟ್ರು ಕರೆಸಿದರು. "ಮಾಸ್ಟ್ರೇ, ನಿಮ್ಮ ಕ್ಲಾಸಿನಷ್ಟು ಶಿಸ್ತು ಬೇರೆಲ್ಲಿಯೂ ಇಲ್ಲ. ಮಕ್ಕಳು ಪಿಟ್ಟೆನ್ನುವುದಿಲ್ಲ. ಆದರೆ ನೀವೂ ಪಿಟ್ಟೆನ್ನುವುದಿಲ್ಲವಲ್ಲ? ಮಳೆಗಾಲ ಕಳೆದ ಮೇಲೆ ಇನ್‌ಸ್ಪೆಕ್ಟರು ಬರ್ತಾರೆ. ಅವರ ಎದುರು ಹೀಗೆ ನಿಂತರೆ ನಿಮ್ಮ ಕೆಲಸ ಖಾಯಂ ಆಗುವುದು ಕಷ್ಟ ಉಂಟು. ಏನು ಹೇಳ್ತೀರಿ? ಹ್ಞೂಂ?"

ಹೇಳಲಿಕ್ಕೆ ಬೇಕಾದಷ್ಟಿತ್ತು. ಸ್ವರ ಇರಲಿಲ್ಲ.

ಹುಡುಕಾಟ

ಬಂಟ್ವಾಳದ ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, "ಗಂಟಲು ಬಂಗಾರದ ಹಾಗೆ ಉಂಟು" ಎಂದು ಒಂದು ಬಾಟ್ಲಿ ಕೆಂಪು ಮದ್ದು ಕೊಟ್ಟರು. ಅತ್ತೆ ತಾಯಿತ ಕಟ್ಟಿಸಿದರು. ಪಕ್ಕದ ಮನೆಯವರು ಜೇನು ತಂದರು. ಯಾವುದರಿಂದಲೂ ಗುಣವಿಲ್ಲ. ಕಡೆಗೆ ಬಂಟ್ವಾಳದ ಡಾಕ್ಟರೇ, "ಇದು ಗಂಟಲಿನದ್ದಲ್ಲ, ಮನಸ್ಸಿನದ್ದು. ಮೂಡಬಿದಿರೆಯಲ್ಲಿ ಒಬ್ಬರಿದ್ದಾರೆ. ಘಟ್ಟದ ಮೇಲಿನವರು, ಬೊಂಬಾಯಿಯಲ್ಲಿ ಕಲಿತು ಈಗ ಹೆಂಡತಿಯ ಊರಿಗೆ ಬಂದು ಕೂತಿದ್ದಾರೆ. ಮದ್ದಿಲ್ಲ, ಇಂಜೆಕ್ಷನ್ ಇಲ್ಲ. ರೋಗಿಯನ್ನು ಮಾತಾಡಿಸಿಯೇ ಗುಣ ಮಾಡ್ತಾರಂತೆ" ಎಂದರು.

"ಮಾತು ನಿಂತವರನ್ನು ಮಾತಾಡಿಸುವುದಾ?" ಎಂದು ನನ್ನ ಹೆಂಡತಿ ಕೇಳಿದಳು. ನನಗೂ ಅದೇ ಸಂಶಯ. ಆದರೂ ಆದಿತ್ಯವಾರ ವೇಣೂರಿನ ಮೇಲಾಗಿ ಹೋಗುವ ಬಸ್ಸು ಹತ್ತಿದೆ.

ಯಾರಿಗೂ ಗೊತ್ತಾಗಬಾರದು ಎಂದು ಮೂಡಬಿದಿರೆಯ ಹೋಟೆಲೊಂದಕ್ಕೆ ಹೊಕ್ಕು, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಯಜಮಾನರ ಕಿವಿಯ ಹತ್ತಿರ ಬಗ್ಗಿ, "ಇಲ್ಲಿ ಮನಸ್ಸಿನ ಡಾಕ್ಟರ ಮನೆ ಎಲ್ಲಿ?" ಎಂದು ಮೆಲ್ಲಗೆ ಕೇಳಿದೆ.

ಅವರು ಒಳಗೆ ತಿರುಗಿ ಗಟ್ಟಿಯಾಗಿ, "ಓಯ್, ಹುಚ್ಚಿನ ಡಾಕ್ಟ್ರ ಮನೆ ಯಾರಾದ್ರೂ ತೋರಿಸಿ ಮಾರಾಯ್ರೆ! ಇವರಿಗೆ ಹೋಗ್ಲಿಕ್ಕುಂಟಂತೆ!" ಎಂದರು.

ಬನ್ಸ್ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನನಗಲ್ಲ, ಸಂಬಂಧಿಕರೊಬ್ಬರಿಗೆ," ಎಂದೆ. ಮೂಲೆಯಲ್ಲಿದ್ದ ಮುದುಕರೊಬ್ಬರು ಎದ್ದು, ಕೈತೊಳೆದು, ನನ್ನ ಹೆಗಲು ಹಿಡಿದು ರಸ್ತೆಗೆ ಕರೆದುಕೊಂಡು ಬಂದರು.

"ಹೆದರಬೇಡಿ," ಎಂದರು. "ಎಲ್ಲರೂ ಮೊದಲು ಸಂಬಂಧಿಕರಿಗೆ ಅಂತಲೇ ಹೇಳುವುದು."

ಮಂಚ

ಡಾಕ್ಟರು ಸಪೂರ ಮನುಷ್ಯ, ದಪ್ಪ ಕನ್ನಡಕ. ಮಾಳಿಗೆಯ ಕೋಣೆಯಲ್ಲಿ ಒಂದು ಮಂಚ, ಅದರ ತಲೆಯ ಹಿಂದೆ ಒಂದು ಕುರ್ಚಿ. "ಮಲಗಿ" ಎಂದರು. ನಾನು ಮಲಗಿ, ಬಾಯಿ ಅಗಲಿಸಿ "ಆ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಬಾಯಿ ಮುಚ್ಚಬಹುದು" ಎಂದರು.

ಆಮೇಲೆ ನನಗೆ ಕಾಣದ ಹಾಗೆ ಹಿಂದೆ ಕೂತು, "ಮನಸ್ಸಿಗೆ ಏನು ಬರುತ್ತದೋ ಅದನ್ನೆಲ್ಲ ಹೇಳಿ. ಇದು ಹೇಳಬಹುದು, ಇದು ಹೇಳಬಾರದು ಎಂದು ಆರಿಸಬೇಡಿ," ಎಂದರು. ಮತ್ತೆ ಮಾತೇ ಇಲ್ಲ. ನಾನು ಬಸ್ಸಿನ ವಿಷಯ ಹೇಳಿದೆ, ಮಳೆಯ ವಿಷಯ ಹೇಳಿದೆ, ಹೆಂಡತಿಯ ದೋಸೆ ಗಟ್ಟಿಯಾಗುವ ವಿಷಯವನ್ನೂ ಹೇಳಿದೆ. ಹಿಂದಿನಿಂದ ಉಸಿರಿನ ಶಬ್ದ ಮಾತ್ರ. ಇವರು ನಿದ್ದೆ ಹೋದರೋ ಏನೋ ಎನಿಸಿ, ಹಿಂದಿನ ಬೆಂಚಿನ ಹುಡುಗರನ್ನು ಕೇಳುವ ಹಾಗೆ, "ನಾನು ಈಗ ಏನು ಹೇಳಿದೆ?" ಎಂದು ಕೇಳಿಬಿಟ್ಟೆ.

"ನಿಮ್ಮ ಮಾತು ಯಾರೂ ಕೇಳುವುದಿಲ್ಲ ಎಂದು ನಿಮಗೆ ಅನಿಸುತ್ತದಾ?" ಎಂದರು ಅವರು.

ಮುಂದೆ ಹೇಳಲಿದ್ದ ಮಾತು ಮರೆತೇಹೋಯಿತು. ಹೌದಲ್ಲ!

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. "ಡಾಕ್ಟ್ರು ಏನು ಹೇಳಿದರು?"

"ಹೆಚ್ಚೇನೂ ಇಲ್ಲ. ನಾನೇ ಹೇಳಿದ್ದು."

"ಏನು ಹೇಳಿದಿರಿ?"

ಆರಿಸಬಾರದು ಎಂಬ ಅಭ್ಯಾಸ ಬಾಯಲ್ಲಿ ಇನ್ನೂ ಬಿಸಿಯಾಗಿತ್ತು. "ನಿನ್ನ ದೋಸೆಯ ವಿಷಯ," ಎಂದೆ. ಆ ವಾರ ಬೆಳಿಗ್ಗೆ ಗಂಜಿ, ರಾತ್ರಿಯೂ ಗಂಜಿ.

ಅಪ್ಪನೋ ಮಾವನೋ

ಮತ್ತಿನ ವಾರಗಳಲ್ಲಿ ಡಾಕ್ಟರು ಅಪ್ಪನ ವಿಷಯ ಬಿಡಲೇ ಇಲ್ಲ. "ನಿಮ್ಮ ತಂದೆ ಎಂದರೆ ಹೆದರಿಕೆ ಇತ್ತಾ?"

"ಇಲ್ಲ ಡಾಕ್ಟ್ರೇ. ಅಪ್ಪನಿಗೇ ನಮ್ಮ ಮನೆ ಎಂದರೆ ಹೆದರಿಕೆ."

ಅವರಿಗೆ ಅರ್ಥವಾಗಲಿಲ್ಲ. ನಮ್ಮದು ಅಳಿಯಕಟ್ಟು, ಮನೆತನ ಆಸ್ತಿ ಎಲ್ಲ ತಾಯಿಯ ಕಡೆಯಿಂದ. ನಾನು ಬೆಳೆದದ್ದು ಬಂಟ್ವಾಳದ ಹತ್ತಿರದ ತಾಯಿಮನೆಯಲ್ಲಿ, ಅಲ್ಲಿ ಸೋದರಮಾವನೇ ಯಜಮಾನ. ಅಪ್ಪ ನೆಂಟರ ಹಾಗೆ ಕಲ್ಲುಸಕ್ಕರೆ ಪೊಟ್ಟಣ ಹಿಡಿದು ಬರುವರು, ಮಾವ ಕೂರಲು ಹೇಳಿದರೆ ಕೂರುವರು. ಮಾವನ ಎದುರು ಮಕ್ಕಳು ಬಾಯಿ ಬಿಡುವ ಹಾಗಿರಲಿಲ್ಲ. ಅದನ್ನೆಲ್ಲ ಹೇಳಿದಾಗ ಡಾಕ್ಟರು, "ಹಾಗಾದರೆ ಇಷ್ಟು ವಾರ ನಾನು ಬೇರೆಯವರ ಮನೆಯ ಬಾಗಿಲು ತಟ್ಟುತ್ತಿದ್ದೆನಾ!" ಎಂದು ನಕ್ಕರು. ನಗುವಾಗ ಕೆಮ್ಮು ಬಂತು, ಗಂಟಲು ಸರಿಮಾಡಿಕೊಳ್ಳುತ್ತ "ಹ್ಞೂಂ" ಎಂದರು.

ನನ್ನ ಸ್ವರ ನಿಂತಿತು.

ನಾನು ಗಾಬರಿಯಲ್ಲಿ ಎದ್ದು ಕೂತರೆ ಡಾಕ್ಟರ ಮುಖ ಹಬ್ಬದ ಹಾಗೆ ಅರಳಿತ್ತು. "ಒಳ್ಳೆಯದಾಯಿತು! ಮಾವನಿಗೆ ಹೆದರುತ್ತಿದ್ದ ಹುಡುಗ ನಿಮ್ಮೊಳಗೆ ಇನ್ನೂ ಇದ್ದಾನೆ. ಅವನಿಗೆ ಹೆಡ್‌ಮಾಸ್ಟ್ರಲ್ಲಿ ಮಾವ ಕಂಡರು, ಈಗ ನನ್ನಲ್ಲಿಯೂ ಕಂಡರು. ಹೆದರಿಕೆ ಈ ಕೋಣೆಯೊಳಗೇ ಬಂತಲ್ಲ, ಇನ್ನು ಅದನ್ನು ಇಬ್ಬರೂ ಸೇರಿ ನೋಡುವುದು. ಚಿಕಿತ್ಸೆ ಅಂದರೆ ಇದೇ."

ಆ ದಿನ ಪಿಸುಮಾತಿನಲ್ಲಿಯೇ ಹೇಳಿದೆ. ಸಣ್ಣವನಿದ್ದಾಗ ಊಟದ ಹೊತ್ತಿಗೆ ಶಾಲೆಯಲ್ಲಿ ಬಹುಮಾನ ಬಂತೆಂದು ಹೇಳಲು ಓಡಿಬಂದಿದ್ದೆ, ಮಾವ "ಹ್ಞೂಂ" ಅಂದಿದ್ದರು, ನಾನು ಹೇಳದೆಯೇ ವಾಪಸು ಹೋಗಿದ್ದೆ. ಹೇಳುತ್ತಾ ಅತ್ತುಬಿಟ್ಟೆ. ಅಳುವಾಗ ಸ್ವರ ಸರಿಯಾಗಿಯೇ ಬಂತು.

ಇನ್‌ಸ್ಪೆಕ್ಟರು ಬಂದರು. ಬಾಗಿಲಲ್ಲಿ ಹೆಡ್‌ಮಾಸ್ಟ್ರು "ಹ್ಞೂಂ" ಅಂದರು. ನನ್ನ ಮಾತು ನಿಲ್ಲಲಿಲ್ಲ. ಬೆಲ್ಲು ಹೊಡೆದರೂ ನಿಲ್ಲಲಿಲ್ಲ. "ಸ್ವಲ್ಪ ತಡೆಯಿರಿ ಸಾರ್, ಈ ಪದ್ಯ ಮುಗಿಯಲಿ," ಎಂದು ಇನ್‌ಸ್ಪೆಕ್ಟರನ್ನೂ ಕೂರಿಸಿದೆ. ಕೆಲಸ ಖಾಯಂ ಆಯಿತು.

"ಮಾಸ್ಟ್ರೇ," ಎಂದರು, ಮೂಡಬಿದಿರೆಯ ಸುದ್ದಿ ಹೇಗೋ ತಿಳಿದಿದ್ದ ಹೆಡ್‌ಮಾಸ್ಟ್ರು ಆಮೇಲೆ, "ಆ ಡಾಕ್ಟ್ರು ಮಾತು ನಿಲ್ಲಿಸ್ಲಿಕ್ಕೂ ಏನಾದ್ರೂ ಮಾಡ್ತಾರಾ ಕೇಳಿ."

ಮಾವ ಹೊರಟದ್ದು

ಹೆಂಡತಿ ತನ್ನ ತಾಯಿಗೆ ಗುಟ್ಟಾಗಿ ಹೇಳಿದ ವಿಷಯ ಬಂಟ್ವಾಳದ ನನ್ನ ತಾಯಿಮನೆ ತಲುಪುವಾಗ, ಅಳಿಯ ಆದಿತ್ಯವಾರ ಆದಿತ್ಯವಾರ ಯಾರದೋ ಮಂಚದಲ್ಲಿ ಮಲಗಿ ಸೋದರಮಾವನನ್ನು ಬಯ್ಯುತ್ತಾನೆ ಎಂದಾಗಿತ್ತು. ಒಂದು ಬೆಳಿಗ್ಗೆ ಮಾವ ಕೊಡೆ ಹಿಡಿದು ಲಾಯಿಲದ ಮನೆಯಂಗಳದಲ್ಲಿ ನಿಂತಿದ್ದರು. "ಹೊರಡು. ಆ ಜನವನ್ನು ನನಗೆ ನೋಡ್ಲಿಕ್ಕುಂಟು."

ಬಸ್ಸಿನಲ್ಲಿ ಧೈರ್ಯ ಮಾಡಿದೆ. "ಮಾವ, ನಾನು ಬಯ್ಯಲಿಲ್ಲ. ನಿಮ್ಮ ಹೆದರಿಕೆ ಇತ್ತು ಅಂತ ಹೇಳಿದೆ, ಅಷ್ಟೇ."

ಅವರು ಕೊಡೆಯನ್ನು ಮಡಿಲಿಗೆ ಎಳೆದುಕೊಂಡರು. ಮತ್ತೆ, "ನಾನು ಹೊಡೆದದ್ದುಂಟಾ?"

"ಇಲ್ಲ. ಹ್ಞೂಂ ಅನ್ನುತ್ತಿದ್ದಿರಿ."

"ಅದು ಕಫ, ಮಾರಾಯ!"

ಡಾಕ್ಟರ ಮನೆಯಲ್ಲಿ ನನ್ನನ್ನು ಜಗಲಿಯಲ್ಲಿ ಕೂರಿಸಿ ಮಾವ ಒಬ್ಬರೇ ಮಾಳಿಗೆ ಹತ್ತಿದರು. ಮೊದಲು ಗುಡುಗಿದ ಸದ್ದು. ನಾನು ಎದ್ದು ನಿಂತೆ. ಆಮೇಲೆ ಸ್ವರ ಇಳಿಯಿತು, ಮತ್ತೂ ಇಳಿಯಿತು. ಡಾಕ್ಟರ ಹೆಂಡತಿ ಕಾಫಿ ಹಿಡಿದು ಮೆಟ್ಟಿಲವರೆಗೆ ಹೋಗಿ, ಕಿವಿಗೊಟ್ಟು, ಹಾಗೆಯೇ ವಾಪಸು ಬಂದರು. ತುಂಬ ಹೊತ್ತಿನ ಮೇಲೆ ಮಾವ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇಳಿದರು.

"ದೊಡ್ಡ ಮನುಷ್ಯ," ಎಂದರು. "ನನ್ನ ಮಾವ ನನ್ನನ್ನು ಹೇಗೆ ನಡೆಸಿಕೊಂಡರು ಅಂತ ಪೂರ್ತಿ ಹೇಳಿದೆ. ನನ್ನನ್ನು ಇಷ್ಟು ಅರ್ಥ ಮಾಡಿಕೊಂಡವರು ಈ ಜನ್ಮದಲ್ಲಿ ಇನ್ನೊಬ್ಬರಿಲ್ಲ. ತಲೆ ಆಡಿಸುವುದನ್ನು ನೀನು ನೋಡ್ಬೇಕಿತ್ತು!"

ಮುಂದಿನ ವಾರ ಡಾಕ್ಟರು ನಾನು ಮಲಗುವ ಮೊದಲೇ ಕುರ್ಚಿ ಹತ್ತಿರ ಎಳೆದರು.

"ನಿಮ್ಮ ಮಾವ ಅಪರೂಪದ ಜನ. ಅಷ್ಟು ಮನಬಿಚ್ಚಿ ಮಾತಾಡಿದವರನ್ನು ನಾನು ಬೊಂಬಾಯಿಯಲ್ಲಿಯೂ ನೋಡಿಲ್ಲ. ನಡುವೆ ತಡೆಯಲಿಕ್ಕೆ ಮನಸ್ಸೇ ಬರಲಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡು, ಸ್ವರ ತಗ್ಗಿಸಿ ಕೇಳಿದರು: "ಅವರು ಮಾತಾಡಿದ್ದು ತುಳುವಾ? ನನಗೆ ತುಳು ಒಂದಕ್ಷರ ಬರುವುದಿಲ್ಲ."