ಮೊಮ್ಮಗಳ ಕಾರಿಗೆ ನಾನು ಟೈರು ಆರಿಸಿದ್ದು

ಟೈರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಆದರೆ ಭದ್ರಾವತಿಯಲ್ಲಿ ಸವೆದ ಲಾರಿ ಟೈರಿಗೆ ಹೊಸ ರಬ್ಬರು ಕೂರಿಸುವ ರಿಸೋಲ್ ಅಂಗಡಿ ಇಟ್ಟವರು ನಾವು. ನಮ್ಮ ಯಜಮಾನರು ಒಳಗೆ ಬೆಂಕಿಯ ಮುಂದೆ ಬೇಯುತ್ತಿದ್ದರು, ನಾನು ಹೊರಗೆ ಗಿರಾಕಿಗಳನ್ನು ಬೇಯಿಸುತ್ತಿದ್ದೆ. ಡ್ರೈವರು ತಮಿಳಿನಲ್ಲಿ ಬೈದರೆ ತಮಿಳಿನಲ್ಲಿ ಉತ್ತರ, ತೆಲುಗಿನಲ್ಲಿ ಬೈದರೆ ತೆಲುಗಿನಲ್ಲಿ. ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ, ಇದು ಇನ್ನೆಷ್ಟು ದಿನ ಬಾಳುತ್ತದೆ ಅಂತ ಹೇಳುತ್ತಿದ್ದೆ. ಒಂದು ಸಲವೂ ತಪ್ಪಿದ್ದಿಲ್ಲ. ತಪ್ಪಿದ್ದರೆ ಆ ಗಿರಾಕಿಗಳು ತಿರುಗಿ ಬರುತ್ತಿರಲಿಲ್ಲ, ಹಾಗಾಗಿ ನನಗೆ ಗೊತ್ತಾಗುತ್ತಲೂ ಇರಲಿಲ್ಲ!

ಈಗ ಅಂಗಡಿ ಮುಚ್ಚಿ ಶಿವಮೊಗ್ಗದ ವಿನೋಬನಗರದಲ್ಲಿ ಮಗನ ಮನೆಯಲ್ಲಿದ್ದೇವೆ. ಮಗನ ಮಗಳು ಚೈತ್ರಾ ಹಲ್ಲಿನ ಡಾಕ್ಟರು. ಹಗಲೆಲ್ಲಾ ಊರವರ ಬಾಯಿಗೆ ಕೈ ಹಾಕುವ ಹುಡುಗಿ. ಸಂಜೆಯಾದರೆ ಕಾರಿನ ಹುಚ್ಚು.

ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. "ಅಜ್ಜಿ, ಕೊಯಮತ್ತೂರು ಹತ್ರ ರೇಸ್ ಟ್ರ್ಯಾಕ್ ಇದೆ. ದುಡ್ಡು ಕಟ್ಟಿದ್ರೆ ನಮ್ಮ ಕಾರನ್ನೇ ತಗೊಂಡು ಹೋಗಿ ಅಲ್ಲಿ ಓಡಿಸಬಹುದು. ಟ್ರ್ಯಾಕ್ ಡೇ ಅಂತಾರೆ. ಈ ಭಾನುವಾರ ನಂಗೆ ಜಾಗ ಸಿಕ್ಕಿದೆ."

"ಗೆದ್ರೆ ಏನು ಕೊಡ್ತಾರೆ?"

"ಏನೂ ಇಲ್ಲ. ಅದು ಪಂದ್ಯ ಅಲ್ಲ."

"ಮತ್ತೆ ಎಲ್ಲಿಗೆ ಹೋಗೋದು?"

"ಎಲ್ಲಿಗೂ ಇಲ್ಲ. ಸುತ್ತು ಹಾಕಿ ಹಾಕಿ ಹೊರಟಲ್ಲಿಗೇ ಬರೋದು."

"ನಿನ್ನ ತಾತ ಮದುವೆಯಾದಾಗಿಂದ ಅದನ್ನೇ ಮಾಡ್ತಿದ್ದಾರೆ ಕಣೇ. ದುಡ್ಡು ಕಟ್ಟಿಲ್ಲ ಅಷ್ಟೇ!"

ಯಜಮಾನರು ತಲೆ ಎತ್ತದೆ ಸಾರು ಸುರಿದುಕೊಂಡರು.

ಆದರೆ ಅವಳು ಮುಂದೆ ಹೇಳಿದ್ದು ಕೇಳಿ ನಾನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ಹೋದ ವರ್ಷ ಒಂದು ಸಲ ಹೋಗಿದ್ದಳಂತೆ. ಹಳೇ ಟೈರು. ನಾಲ್ಕು ಸುತ್ತು ಹಾಕುವಷ್ಟರಲ್ಲಿ ಕಾದು ಹಿಡಿತ ಬಿಟ್ಟು, ಒಂದು ತಿರುವಿನಲ್ಲಿ ಕಾರು ಜಾರಿ ಮಣ್ಣಿಗೆ ಇಳಿಯಿತಂತೆ. ಹಗ್ಗ ಕಟ್ಟಿ ಎಳೆದರಂತೆ. ಬೆಂಗಳೂರಿನವನೊಬ್ಬ ಕೆಂಪು ಟೊಪ್ಪಿ ಹಾಕಿಕೊಂಡು ನಿಂತಿದ್ದವನು, "ಡಾಕ್ಟ್ರೇ, ಹಲ್ಲು ಕೀಳೋದು ಇದಕ್ಕಿಂತ ಸುಲಭ ಅಲ್ವಾ?" ಅಂದನಂತೆ.

"ಈ ಸಲ ಒಂದೇ ಒಂದು ಸಲಾನೂ ಜಾರದೆ ಓಡಿಸಬೇಕು ಅಜ್ಜಿ. ಅದಕ್ಕೇ ಹೊಸ ಟೈರು."

ನಮ್ಮ ಮನೆ ಹುಡುಗಿಗೆ ಟೈರಿನಿಂದ ಅವಮಾನವೇ? ಟೈರಿನ ಅನ್ನ ತಿಂದ ಮನೆತನವಿದು! ಸದರಿ ಟೈರಿನ ಆಯ್ಕೆಯನ್ನು ನಾನೇ ವಹಿಸಿಕೊಳ್ಳುವುದಾಗಿ ಅಲ್ಲೇ ಘೋಷಿಸಿದೆ. ಚೈತ್ರಾ ಬೇಡ ಅನ್ನಲು ಬಾಯಿ ತೆರೆದಳು. ನಾನು ಅದಕ್ಕೊಂದು ರೊಟ್ಟಿ ತುರುಕಿದೆ.

ರಫೀಕನ ಟೈರ್ ಅಂಗಡಿಗೆ ಹೋದೆವು. ಅವನಪ್ಪ ನಮ್ಮಲ್ಲಿಗೆ ಟೈರು ತರುತ್ತಿದ್ದವನು, ಹಾಗಾಗಿ ನನ್ನನ್ನು ಕಂಡರೆ ಸ್ಟೂಲು ಒರೆಸಿ ಕೊಡುತ್ತಾನೆ. ಮೂರು ಥರದ ಟೈರು ಮುಂದಿಟ್ಟ. ಮೊದಲನೆಯದು ಗಟ್ಟಿ, ಬಹಳ ಬಾಳುವುದು. ಎರಡನೆಯದಕ್ಕೆ ಜೀಪಿನ ಟೈರಿನ ಹಾಗೆ ಎತ್ತರೆತ್ತರ ಬಟನ್ನು, ಅಂದರೆ ನೆಲ ಕಚ್ಚುವ ಉಬ್ಬುಗಳು. ಮೂರನೆಯದು ಚೈತ್ರಾ ಹೇಳಿ ತರಿಸಿದ್ದು. ಅದಕ್ಕೆ ಗೀರು ಕಮ್ಮಿ, ಬಟನ್ನು ಚಪ್ಪಟೆ.

ಮೂರನೆಯದಕ್ಕೆ ಉಗುರು ಒತ್ತಿದೆ. ಉಗುರು ಒಳಗೇ ಹೋಯಿತು!

"ಥೂ! ಇದು ಟೈರೋ, ಮೈಸೂರ್‌ಪಾಕೋ?"

"ಮೆತ್ತಗಿರಬೇಕು ಅಜ್ಜಿ. ಮೆತ್ತಗಿದ್ರೇನೇ ರಸ್ತೆ ಹಿಡಿಯೋದು. ತ್ಯಾವರೆಕೊಪ್ಪದ ಸಫಾರೀಲಿ ಹುಲಿ ನೋಡಿದ್ದೀಯಲ್ಲ? ಅದರ ಪಾದ ಹೇಗಿರುತ್ತೆ? ಮೆತ್ತಗೆ."

"ಹುಲಿ ಪಾದ ಸವೆಯಲ್ಲ ಕಣೇ. ಇದು ಎಷ್ಟು ದಿನ ಬರುತ್ತೆ?"

ರಫೀಕ ತಲೆ ಕೆರೆದ. "ಸುಳ್ಳು ಹೇಳಲ್ಲ ಅಮ್ಮಾ. ಇದು ಬೇಗ ಸವೆಯುತ್ತೆ. ಪಕ್ಕದಲ್ಲಿ ನಂಬರ್ ಇದೆ ನೋಡಿ. ನಂಬರ್ ದೊಡ್ಡದಿದ್ರೆ ಬಾಳಿಕೆ ಜಾಸ್ತಿ, ಚಿಕ್ಕದಿದ್ರೆ ಹಿಡಿತ ಜಾಸ್ತಿ."

ಇಂಗ್ಲಿಷ್ ಅಕ್ಷರ ಬರದಿದ್ದರೂ ಅಂಕಿ ಬರುತ್ತದೆ. ಗಟ್ಟಿ ಟೈರಿನ ಮೇಲೆ ಐನೂರು, ಇವಳದರ ಮೇಲೆ ಇನ್ನೂರು. ರೇಟು ಕೇಳಿದರೆ ಇನ್ನೂರರದ್ದೇ ಜಾಸ್ತಿ! ಹೆಚ್ಚು ಕೊಟ್ಟು ಕಡಿಮೆ ಬಾಳುವುದನ್ನು ತರುವುದು ಎಂಥ ವ್ಯಾಪಾರ? ನಮ್ಮ ಅಂಗಡಿಯಲ್ಲಿ ಈ ಮಾತು ಆಡಿದ್ದರೆ ಲಾರಿಯವರು ಜಾಕಿ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು.

"ಅಷ್ಟು ನುಣ್ಣಗೆ ಬೇಕಿದ್ರೆ ಪೂರಾ ಬೋಳು ಮಾಡಿಸ್ಕೊ" ಅಂದೆ, ರೇಗಿಸಲು.

"ರೇಸ್ ಕಾರಿಗೆ ಪೂರಾ ಬೋಳೇ ಇರೋದು ಅಜ್ಜಿ. ಆದರೆ ಅದನ್ನ ರಸ್ತೆ ಮೇಲೆ ತರಂಗಿಲ್ಲ, ಮಳೇಲಿ ಸೀದಾ ಜಾರುತ್ತೆ. ನಾನು ಇದೇ ಕಾರಲ್ಲಿ ಕ್ಲಿನಿಕ್ಕಿಗೂ ಹೋಗಬೇಕು, ಟ್ರ್ಯಾಕಿಗೂ ಹೋಗಬೇಕು. ಎರಡಕ್ಕೂ ಆಗೋದು ಇದೇ."

ಹೀಗೆ ಹೇಳಿ ಕಾರನ್ನು ಅಲ್ಲೇ ಬಿಟ್ಟು ಆಟೋ ಹತ್ತಿ ಕ್ಲಿನಿಕ್ಕಿಗೆ ಹೋದಳು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಅವಳ ಆಟೋ ಮರೆಯಾದದ್ದೇ ಹೇಳಿದೆ.

"ರಫೀಕ್, ಎರಡನೇದು ಹಾಕು. ಬಟನ್ ಇರೋದು."

"ಅರೆ, ಡಾಕ್ಟ್ರು ಮೂರನೇದು ಅಂದ್ರಲ್ಲ ಅಮ್ಮಾ!"

"ಡಾಕ್ಟ್ರಿಗೆ ಲಂಗೋಟಿ ಕಟ್ಟಿದವಳು ನಾನು. ಹಾಕು."

"ಅದು ದಪ್ಪ ಅಮ್ಮಾ. ಮಡ್‌ಗಾರ್ಡಿಗೆ ತಾಗುತ್ತೆ."

"ತಾಗಿದ್ರೆ ತಾಗಲಿ. ಹೊಸ ಚಪ್ಪಲಿ ಕಚ್ಚಲ್ವಾ? ಎರಡು ದಿನ, ಸರಿ ಹೋಗುತ್ತೆ."

ರಫೀಕ ಆಕಾಶ ನೋಡಿದ. ಹಾಕಿದ.

ಸಂಜೆ ಚೈತ್ರಾ ಬಂದು ಕಾರಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸಿದಳು. ಕರ್‌ರ್‌ರ್ ಅಂತ ಒಂದು ಶಬ್ದ! ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಎದ್ದರು. ಹುಡುಗಿ ಇಳಿದು ಬಂದು ಟೈರು ನೋಡಿದಳು, ರಫೀಕನನ್ನು ನೋಡಿದಳು. ರಫೀಕ ನನ್ನನ್ನು ನೋಡಿದ. ನಾನು ಬೇಕರಿ ನೋಡಿದೆ.

ಬಿಚ್ಚಿ ಮತ್ತೆ ಮೂರನೆಯದನ್ನೇ ಹಾಕಿದರು. ಮನೆ ಮುಂದೆ ಇಳಿಯುವಾಗ ಚೈತ್ರಾ ಹೇಳಿದ್ದು ಒಂದೇ ಮಾತು. "ಅಜ್ಜಿ, ಇನ್ನು ಟೈರು ಮುಟ್ಟಬೇಡ."

ಮುಟ್ಟಲಿಲ್ಲ. ಬಟ್ಟೆಯಲ್ಲಿ ಹಚ್ಚಿದೆ.

ಅದು ಹೇಗೆ ಅಂದರೆ, ಮಾಡಿದ ತಪ್ಪಿಗೆ ಏನಾದರೂ ಒಳ್ಳೆಯದು ಮಾಡಬೇಕು ಅನ್ನಿಸಿತು. ನಮ್ಮ ಅಂಗಡಿಯಲ್ಲಿ ಪ್ರತಿ ಟೈರಿಗೂ ಕೊನೆಯ ಕೈ ನನ್ನದು. ಹರಳೆಣ್ಣೆಗೆ ಚೂರು ದೀಪದ ಮಸಿ ಕಲಸಿ, ಹಳೇ ಪಂಚೆಯ ತುಂಡಿನಿಂದ ಮೈಯೆಲ್ಲ ತಿಕ್ಕುತ್ತಿದ್ದೆ. ಟೈರು ಕೋಣನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಲಾರಿ ನಿಧಾನವಾಗಿ ಮಣ್ಣು ದಾರಿಗೆ ಇಳಿದರೆ ನೆಲ ಮುಟ್ಟುವ ಕಡೆಯ ಎಣ್ಣೆಯನ್ನೆಲ್ಲ ಧೂಳು ಒರೆಸಿಕೊಳ್ಳುತ್ತಿತ್ತು. ಯಾವ ತೊಂದರೆಯೂ ಇರಲಿಲ್ಲ. ಮಿಂಚದ ಟೈರನ್ನು ನನ್ನ ಅಂಗಡಿಯಿಂದ ಕಳಿಸಿದವಳೇ ಅಲ್ಲ ನಾನು!

ಹೊರಡುವ ದಿನ, ಶನಿವಾರ ಬೆಳಗ್ಗೆ, ಎಲ್ಲರೂ ಸ್ನಾನಕ್ಕೆ ಓಡಾಡುವಾಗ ನಾನು ಎಣ್ಣೆ ಬಟ್ಟಲು ಹಿಡಿದು ಪೋರ್ಟಿಕೋದಲ್ಲಿ ಕೂತೆ. ಯಜಮಾನರು ಬಂದು ನೋಡಿದರು.

"ಪಕ್ಕಕ್ಕೆ ಮಾತ್ರ ಹಚ್ಚು ಕಣೇ. ನೆಲಕ್ಕೆ ತಾಗೋ ಕಡೆ ಬೇಡ."

"ರೀ, ನೀವು ಬೇಯಿಸೋರು, ನಾನು ಮಿಂಚಿಸೋಳು. ಅವರವರ ಕೆಲಸ ಅವರವರಿಗೆ."

ಮೆತ್ತಗಿನ ರಬ್ಬರಲ್ಲವೇ, ಎಣ್ಣೆ ಕುಡಿದರೆ ಗಟ್ಟಿಯಾಗುತ್ತದೆ ಅಂತ ಇನ್ನೊಂದು ಸುತ್ತು ಹಚ್ಚಿದೆ. ಕೈಗೂಸಿಗೆ ಹಚ್ಚಿದ ಹಾಗೆ, ಸಂದುಸಂದಿಗೆ!

ಪೂಜೆ ಆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಚೈತ್ರಾ, "ಏನು ಅಜ್ಜಿ, ಇಷ್ಟು ಹೊಳೀತಿದೆ?" ಅಂದಳು. ದೇವರ ದಯೆ ಅಂದೆ.

ನಮ್ಮ ಗೇಟಿನ ಮುಂದೆ ರಸ್ತೆಗೆ ಇಳಿಜಾರು. ಅಲ್ಲಿ ಮಗ ಚಂದಕ್ಕೆ ನುಣುಪು ಕಲ್ಲು ಹಾಸಿದ್ದಾನೆ. ಎದುರು ಮನೆ ರುದ್ರಪ್ಪ ಮೇಷ್ಟ್ರು ಮಹಡಿ ಕಟ್ಟಿಸಲು ರಸ್ತೆ ಬದಿಗೆ ಮರಳು ಹಾಕಿಸಿ, ಯಾರೂ ಕದಿಯದ ಹಾಗೆ ಪಕ್ಕದಲ್ಲೇ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದರು. ಚೈತ್ರಾ ಕಾರನ್ನು ನಿಧಾನವಾಗಿ ಹಿಂದಕ್ಕೆ ಬಿಟ್ಟಳು. ನಿಂಬೆಹಣ್ಣು ಪಚಕ್ ಅಂದಿತು. ಕಾರು ಇಳಿಜಾರಿಗೆ ಬಂತು. ಅವಳು ಬ್ರೇಕು ಒತ್ತಿದಳು.

ಚಕ್ರ ನಿಂತಿತು. ಕಾರು ನಿಲ್ಲಲಿಲ್ಲ!

ಮದುವೆ ಹೆಣ್ಣು ಮಂಟಪಕ್ಕೆ ಹೋಗುವ ಹಾಗೆ, ಸದ್ದಿಲ್ಲದೆ, ಒಂದಿಷ್ಟು ಓರೆಯಾಗಿ, ರಸ್ತೆ ದಾಟಿ ಹೋಯಿತು. ಪುಣ್ಯಕ್ಕೆ ರಸ್ತೆ ಖಾಲಿ ಇತ್ತು. ಮೇಷ್ಟ್ರು ಪೇಪರ್ ಬಿಟ್ಟು ಜಿಗಿದದ್ದನ್ನು ನೋಡಿದರೆ ಅವರ ಮಂಡಿನೋವಿನ ಬಗ್ಗೆ ಯಾರಿಗಾದರೂ ಅನುಮಾನ ಬರಬೇಕು. ಕಾರು ಹಿಂಭಾಗವನ್ನು ಮರಳಿನಲ್ಲಿ ಹೂತುಕೊಂಡು ಕೂತಿತು.

"ಗೌರಮ್ನೋರೇ," ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು, "ಮೊಮ್ಮಗಳ ರೇಸು ಕೊಯಮತ್ತೂರಲ್ಲಿ ಅಂದಿದ್ರಿ. ಇಲ್ಲೇ ಶುರು ಮಾಡಿದ್ರಾ?"

ಚೈತ್ರಾ ಇಳಿದಳು. ಹಿಂದಿನ ಟೈರುಗಳಿಗೆ ಎಣ್ಣೆಯ ಮೇಲೆ ಮರಳು ಮೆತ್ತಿ ಎರಡು ದೊಡ್ಡ ಎಳ್ಳುಂಡೆಗಳ ಹಾಗೆ ಕಾಣುತ್ತಿದ್ದವು. ಮುಂದಿನ ಟೈರಿಗೆ ಬೆರಳು ಒರೆಸಿ ಮೂಸಿದಳು.

"ಅಜ್ಜಿ. ಇದು ಹರಳೆಣ್ಣೆ."

"ಒಳ್ಳೇದು ಕಣೇ. ತಲೆಗೂ ಹಚ್ತಾರೆ."

ಹುಡುಗಿ ಹೋಗಿ ಮೇಷ್ಟ್ರ ಕುರ್ಚಿಯಲ್ಲಿ ಕೂತಳು. "ಅಲ್ಲಿ ಒಳಗೆ ಬಿಡೋಕೆ ಮುಂಚೆ ಕಾರು ಚೆಕ್ ಮಾಡ್ತಾರೆ. ಒಂದು ಹನಿ ಎಣ್ಣೆ ಕಂಡ್ರೂ ವಾಪಸ್ ಕಳಿಸ್ತಾರೆ. ಹೋಯ್ತು ಬಿಡು. ಭಾನುವಾರ ಹೋಯ್ತು." ಅಳಲಿಲ್ಲ. ಅತ್ತಿದ್ದರೆ ಎರಡು ಬೈದು ಸುಮ್ಮನಿರಿಸುತ್ತಿದ್ದೆ. ಅಳದೆ ಕೂತವರಿಗೆ ಏನು ಮಾಡುವುದು?

ಅಷ್ಟರಲ್ಲಿ ಯಜಮಾನರು ಬಾಯಿ ಬಿಟ್ಟರು. ವರ್ಷಕ್ಕೊಂದು ಸಲ ಬಿಡುವವರು, ಅವತ್ತು ಎರಡನೇ ಸಲ! "ಎಣ್ಣೆ ಹಚ್ಚಿದ್ಮೇಲೆ ಸೀಗೆಪುಡಿ ಹಾಕಬೇಕಲ್ವೇನೇ?"

ಅಯ್ಯೋ, ಹೌದಲ್ಲ! ಅಡುಗೆಮನೆಯಿಂದ ಸೀಗೆಪುಡಿ ಡಬ್ಬಿ ತಂದೆ. ಹಂಡೆಯ ಬಿಸಿನೀರು ತಂದೆವು. ಮರಳು ಉದುರಿಸಿದೆವು. ಒಂದೊಂದು ಟೈರಿಗೆ ಒಬ್ಬೊಬ್ಬರು ಕೂತೆವು: ನಾನು, ಯಜಮಾನರು, ಚೈತ್ರಾ, ಪಾಪ ಮೇಷ್ಟ್ರೂ! ದೀಪಾವಳಿಗೂ ನಮ್ಮ ಮನೆಯಲ್ಲಿ ಇಷ್ಟು ಶ್ರದ್ಧೆಯ ಅಭ್ಯಂಜನ ಆಗಿದ್ದಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು, "ಏನು ಗೌರಮ್ಮ, ಕಾರಿಗೆ ತಲೆಸ್ನಾನವಾ?" ಅಂದರು. ಹೌದು, ಸೂತಕ ಕಳೀತಿದೆ ಅಂದೆ.

ರಫೀಕನನ್ನು ಕರೆಸಿದೆವು. ನೀರು ಆರಿಸಿ, ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿದ. ಬಟ್ಟೆಗೆ ಎಣ್ಣೆ ಬರಲಿಲ್ಲ. ತಾನೇ ಕೂತು ಬೀದಿ ಸುತ್ತಿ, ಬ್ರೇಕು ಒತ್ತಿ ಒತ್ತಿ ನೋಡಿದ. ನಿಂತಿತು. "ಒಳಗೆ ಇಳಿದಿಲ್ಲ ಡಾಕ್ಟ್ರೇ. ಮೊದಲು ಸ್ವಲ್ಪ ದೂರ ನಿಧಾನ ಹೋಗಿ, ಆಮೇಲೆ ಬಿಲ್ಕುಲ್ ಸರಿ." ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ. "ಅಮ್ಮಾ, ನೀವು ಅಡುಗೆಮನೇಲಿ ಇರಿ."

ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತೆ. ನನ್ನನ್ನು ಇಳಿಸುವಷ್ಟು ಹೊತ್ತು ಚೈತ್ರಾಳಿಗಿರಲಿಲ್ಲ.

ಮಾರನೇ ದಿನ ಟ್ರ್ಯಾಕಿನಲ್ಲಿ ಚೆಕ್ ಮಾಡುವ ಹಿರಿಯನೊಬ್ಬ ಬಂದ. ಕಾರು ಸುತ್ತಿದ, ಚಕ್ರದ ಬಳಿ ಬಗ್ಗಿದ, ಮೂಗರಳಿಸಿದ. ಚಕ್ರದ ಸಂದಿನಲ್ಲಿ ಪುಡಿ ಉಳಿದು ಕಾದಿತ್ತು. ಇದೇನು ವಾಸನೆ ಅಂತ ತಮಿಳಿನಲ್ಲಿ ಕೇಳಿದ. ಚೈತ್ರಾ ಬೆವರಿದಳು. ನಾನು ಭದ್ರಾವತಿಯ ತಮಿಳಿನಲ್ಲಿ ಸೀಗೆಕಾಯಿ ಅಂದೆ, ಯಾಕೆ ಅಂತಲೂ ಪೂರ್ತಿ ಹೇಳಿದೆ. ಆತ ನಕ್ಕು ನಕ್ಕು ಕಾರು ಹಿಡಿದುಕೊಂಡ. ಆಮೇಲೆ ಬಿಳಿ ಬಟ್ಟೆಯಲ್ಲಿ ನಾಲ್ಕೂ ಟೈರು ಒರೆಸಿ ನೋಡಿದ. ಕೊನೆಗೆ ಹೆಬ್ಬೆರಳಿನ ಉಗುರನ್ನು ಟೈರಿಗೆ ಒತ್ತಿದ! ಉಗುರು ಒಳಗೆ ಹೋಯಿತು. "ನಲ್ಲ ಟೈರ್" ಅಂದ, ಒಳ್ಳೇ ಟೈರು ಅಂತ.

ನೋಡಿ ಮತ್ತೆ! ನನ್ನ ಪರೀಕ್ಷೆ ಸರಿಯಾಗಿಯೇ ಇತ್ತು. ತೀರ್ಪು ಮಾತ್ರ ತಿರುಗಾಮುರುಗಾ.

ಚೈತ್ರಾ ಹೊರಟಳು. ಹೋದ ವರ್ಷ ಮಣ್ಣಿಗಿಳಿದ ಆ ತಿರುವಿನ ಎದುರಿಗೆ, ತಂತಿ ಬೇಲಿಯ ಆಚೆ ನಾನು ನಿಂತೆ. ಮೊದಲ ಸುತ್ತು ಬಂದಳು, ಹೋದಳು. ಟೈರು ಕಾಯುತ್ತಾ ಬಂದ ಹಾಗೆ ಇನ್ನೂ ಜೋರಾಗಿ ಬಂದಳು. ಗೋಡೆಯ ಮೇಲೆ ಹಲ್ಲಿ ಹೇಗೋ ರಸ್ತೆಯ ಮೇಲೆ ಆ ಕಾರು ಹಾಗೆ. ಕಚ್ಚಿಕೊಂಡೇ ತಿರುಗಿತು. ಒಂದು ಸಲವೂ ಜಾರಲಿಲ್ಲ. ಕಣ್ಣಲ್ಲಿ ನೀರು ಬಂತು ಅಂತ ಬರೆಯಬೇಕೇನೋ. ಬರಲಿಲ್ಲ. ಆದರೆ ಪಕ್ಕದಲ್ಲಿ ನಿಂತವರೆಲ್ಲರಿಗೂ, ಅವರು ಕೇಳದಿದ್ದರೂ, "ನಮ್ಮ ಹುಡುಗಿ" ಅಂತ ಹೇಳಿದೆ. ಒಬ್ಬರಿಗೆ ಎರಡು ಸಲ ಹೇಳಿದೆ.

ಕೆಂಪು ಟೊಪ್ಪಿಯವನು ಈ ಸಲವೂ ಬಂದಿದ್ದ. ಚೈತ್ರಾ ಕಾರು ನಿಲ್ಲಿಸಿದ್ದೇ ಬಂದು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಒಳ್ಳೇ ಟೈರು ಡಾಕ್ಟ್ರೇ. ಯಾರು ಆರಿಸಿದ್ದು?"

"ನಾನೇ!" ಅಂದೆ, ಸೆರಗು ಕೊಡವಿಕೊಂಡು.

ಚೈತ್ರಾ ಹೆಲ್ಮೆಟ್ಟು ತೆಗೆದಳು. "ಹೌದು," ಅಂದಳು. "ಅಜ್ಜಿ ಯಾವುದಕ್ಕೆ ಥೂ ಅಂದ್ರೋ ಅದನ್ನೇ ತಗೊಂಡೆ."

ಈಗ ಹೊಸ ಟೈರು ಬೇಕಾದಾಗಲೆಲ್ಲ ನನ್ನನ್ನು ಮರ್ಯಾದೆಯಿಂದ ರಫೀಕನ ಅಂಗಡಿಗೆ ಕರೆದುಕೊಂಡು ಹೋಗುತ್ತಾಳೆ. ರಫೀಕ ಸ್ಟೂಲು ಒರೆಸುತ್ತಾನೆ, ಟೈರುಗಳನ್ನು ಸಾಲಾಗಿ ಮುಂದಿಡುತ್ತಾನೆ. ನಾನು ಒಂದೊಂದಕ್ಕೂ ಉಗುರು ಒತ್ತುತ್ತೇನೆ. ಇಬ್ಬರೂ ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಾರೆ. ಯಾವುದನ್ನು ನಾನು ಕಸ ಅನ್ನುತ್ತೇನೋ ಅದನ್ನು ತಕ್ಷಣ ಹಾಕಿಸಿಕೊಂಡು ಬರುತ್ತಾಳೆ.

ಟೈರಿನ ವಿಷಯದಲ್ಲಿ ಇವತ್ತಿಗೂ ನನ್ನ ಮಾತಿಲ್ಲದೆ ಏನೂ ನಡೆಯುವುದಿಲ್ಲ. ಹರಳೆಣ್ಣೆ ಬಾಟಲಿಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದ ಕೈ ಮೇಷ್ಟ್ರ ಮನೆಯಲ್ಲಿದೆ!