ಪೆಟ್ರೋಲ್ ವಾಸನೆ ಮತ್ತು ನಮ್ಮತ್ತೆ

ನಮ್ಮ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಅರ್ಧ ತಾವಾಗಿಯೇ ಕೆಟ್ಟು ಬರುತ್ತವೆ, ಇನ್ನರ್ಧ ಯಾರೋ ಸರಿಮಾಡಲು ಹೋಗಿ ಬರುತ್ತವೆ. ಎರಡೂ ಜಾತಿಯವು ದಿನಾ ಬರುವುದರಿಂದ ಚಾಮರಾಜಪೇಟೆಯ ಈ ಸಣ್ಣ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ನನಗೆ ನಗುವುದಕ್ಕೆ ಬರ ಬಂದಿಲ್ಲ. ಹೋದ ವರ್ಷ ಮಾತ್ರ ನಾಲ್ಕು ತಿಂಗಳು ನಗು ಕಮ್ಮಿಯಾಯಿತು. ಒಂದು ಜ್ವರ ಬಂತು. ಹೋಗುವಾಗ ನನಗೆ ವಾಸನೆ ಗೊತ್ತಾಗುವುದನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಈಗ ಮೂಗು ವಾಪಸ್ಸು ಬಂದಿದೆ, ಅದಕ್ಕೇ ಇದನ್ನೆಲ್ಲ ಹೇಳುವ ಧೈರ್ಯ.

ಸುಟ್ಟ ವೈರು, ಕಾದ ಕ್ಲಚ್ಚು, ಸೋರುವ ಪೆಟ್ರೋಲು, ಬಾನೆಟ್ ಎತ್ತಿದ ಕೂಡಲೇ ಅರ್ಧ ರೋಗ ಮೂಗೇ ಹೇಳಿಬಿಡುತ್ತದೆ. 'ಆ ಮೆಕ್ಯಾನಿಕ್‌ಗೆ ವಾಸನೆನೇ ಬರಲ್ವಂತೆ' ಅಂತ ಒಬ್ಬ ಗಿರಾಕಿಗೆ ಗೊತ್ತಾದರೆ ಸಾಕು, ಸಾಯಂಕಾಲದೊಳಗೆ ಎಲ್ಲರೂ ಹಿಂದಿನ ರಸ್ತೆಯ ಗ್ಯಾರೇಜಿಗೆ ಹೋಗಿರುತ್ತಾರೆ. ಹಾಗಾಗಿ ನಾನು ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಅವಳೂ ಅವಳಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಅವಳಮ್ಮ, ಅಂದರೆ ನಮ್ಮತ್ತೆ, ಶ್ರೀರಾಂಪುರದವರು. ನಲವತ್ತು ವರ್ಷ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತರಕಾರಿ ಮಾರಿದವರು. ಕ್ರೇಟಿನ ತಳದಲ್ಲಿ ಒಂದೇ ಒಂದು ಟೊಮೇಟೊ ಕೊಳೆತಿದ್ದರೂ ಮೇಲೆ ನಿಂತೇ ಹೇಳುವ ಮೂಗು ಅವರದು. ಮಂಡಿನೋವು ಜಾಸ್ತಿಯಾಗಿ ಅಂಗಡಿ ಬಿಟ್ಟು ನಮ್ಮ ಮನೆಗೆ ಬಂದಿದ್ದರು. ಮನೆ ಗ್ಯಾರೇಜಿನ ಹಿಂದೆಯೇ ಇದೆ. ತಿಂಡಿ ಆದಮೇಲೆ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ಕೂರುವುದು ಅವರ ಅಭ್ಯಾಸ. ನನ್ನ ಜೊತೆ ಮಾತು ಕಮ್ಮಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ 'ಅಳಿಯಂದ್ರೇ, ಊಟ ಆಯ್ತಾ' ಎನ್ನುವುದನ್ನು ದಾಟಿ ನಮ್ಮಿಬ್ಬರ ಮಾತುಕತೆ ಮುಂದೆ ಹೋಗಿರಲಿಲ್ಲ.

ಆಯಿಲ್ ಹೆಚ್ಚಾಗುವ ಕಾರು

ಬಸವನಗುಡಿಯ ಒಬ್ಬರು ರಿಟೈರ್ಡ್ ಮೇಷ್ಟ್ರು ಕಾರು ತಂದು ನಿಲ್ಲಿಸಿದರು. ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಕಪ್ಪು ಹೊಗೆ, ಒಂದೆರಡು ನಿಮಿಷ ನಡುಕ. "ಅದನ್ನು ನೋಡಿ. ಆದರೆ ಆಯಿಲ್ ಮಾತ್ರ ಮುಟ್ಟಬೇಡಿ," ಅಂದರು.

"ಯಾಕೆ ಸಾರ್?"

"ಎಲ್ಲರ ಕಾರಲ್ಲೂ ಇಂಜಿನ್ ಆಯಿಲ್ ಕಮ್ಮಿ ಆಗುತ್ತೆ. ನನ್ನ ಕಾರಲ್ಲಿ ಜಾಸ್ತಿ ಆಗ್ತಾ ಇದೆ!" ಅಕ್ಷಯಪಾತ್ರೆ ಸಿಕ್ಕವರ ಹಾಗೆ ಮುಖ ಅರಳಿತ್ತು.

ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ನಿಜ, ಗುರುತಿಗಿಂತ ಒಂದು ಬೆರಳು ಮೇಲಿತ್ತು. ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಕಡ್ಡಿಯ ಬದಲು ಕಬ್ಬಿನ ಜಲ್ಲೆ ಹಿಡಿದಿದ್ದರೂ ಅಷ್ಟೇ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಗಂಭೀರವಾಗಿ ಇನ್ನೊಂದು ಸಲ ಮೂಸಿದೆ.

ಹಿಂಬಾಗಿಲಿನಿಂದ ಅತ್ತೆಯ ದನಿ ಬಂತು. "ಅಳಿಯಂದ್ರೇ, ಅದರಲ್ಲಿ ಪೆಟ್ರೋಲ್ ಸೇರ್ಕೊಂಡಿದೆ ಕಣ್ರೀ. ಇಲ್ಲಿಗೇ ಹೊಡೀತಾ ಇದೆ."

ಅಷ್ಟು ಸಾಕಾಯಿತು. ಇಂಜಿನ್ನಿಗೆ ಪೆಟ್ರೋಲ್ ಎರಚುವ ಸಣ್ಣ ನಲ್ಲಿಗೆ ಇಂಜೆಕ್ಟರ್ ಅನ್ನುತ್ತೇವೆ. ಅದು ಸರಿಯಾಗಿ ಮುಚ್ಚದಿದ್ದರೆ ಕಾರು ನಿಂತಮೇಲೂ ಒಳಗೆ ತೊಟ್ಟಿಕ್ಕುತ್ತಾ ಇರುತ್ತದೆ. ಇಂಜಿನ್ ಪೆಟ್ರೋಲಿನಲ್ಲಿ ಮುಳುಗುತ್ತದೆ, ಉಳಿದದ್ದು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಇದನ್ನೆಲ್ಲ ಹೇಳಿ, ಹೀಗೇ ಓಡಿಸಿದ್ದರೆ ಇಂಜಿನ್ನೇ ಹೋಗುತ್ತಿತ್ತು, ದೇವರ ದಯೆ, ಈಗಲೇ ಸಿಕ್ಕಿತು, ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಬೇಕು ಅಂದೆ.

ಮೇಷ್ಟ್ರು ಆ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. "ಚೆಲ್ಲೋದು ಯಾಕೆ? ಅದರಿಂದ ಪೆಟ್ರೋಲ್ ಬೇರೆ, ಆಯಿಲ್ ಬೇರೆ ಮಾಡೋಕಾಗಲ್ವಾ?"

"ಹಾಲು ನೀರು ಬೇರೆ ಮಾಡೋ ಹಂಸ ನನ್ನ ಹತ್ರ ಇಲ್ಲ ಸಾರ್."

"ಹೌದಾ?" ಅಂದರು. "ಹಾಗಾದ್ರೆ ಯಾವ ಗ್ಯಾರೇಜಲ್ಲಿದೆ?"

ಕೆಮ್ಮು

ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅತ್ತೆ ಮೊದಲ ಬಾರಿಗೆ ನನ್ನ ಜೊತೆ ಉದ್ದ ಮಾತಾಡಿದರು. "ಗಿರಾಕಿಗಳ ಮುಂದೆ ನಾನು ಬಾಯಿ ಹಾಕಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಇನ್ಮೇಲೆ ಪೆಟ್ರೋಲ್ ವಾಸನೆ ಬಂದ್ರೆ ಒಂದು ಸಲ ಕೆಮ್ತೀನಿ. ಬರದೇ ಇದ್ರೆ ಸುಮ್ನಿರ್ತೀನಿ. ಸರೀನಾ?"

ಎರಡು ವಾರ ಚೆನ್ನಾಗಿಯೇ ನಡೆಯಿತು. ನಾನು ಬಾನೆಟ್ ಎತ್ತುವುದು, ಮೂಸುವ ಹಾಗೆ ಮಾಡುವುದು, ಹಿಂದಿನಿಂದ ಕೆಮ್ಮು. ಗಿರಾಕಿಗಳು "ಇವರದು ಎಂಥಾ ಮೂಗಪ್ಪ" ಅಂತ ತಲೆದೂಗುವರು.

ಒಂದು ದಿನ ಅಕ್ಕಿಪೇಟೆಯ ವ್ಯಾಪಾರಿಯೊಬ್ಬರ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಸ್ಟಾರ್ಟೇ ಆಗುತ್ತಿಲ್ಲ. ಬಾನೆಟ್ ಎತ್ತಿದೆನೋ ಇಲ್ಲವೋ, ಅತ್ತೆ ಕೆಮ್ಮಿದರು. ಒಂದಲ್ಲ, ಎಂಟು ಹತ್ತು ಸಲ! ಒಂದು ಕೆಮ್ಮಿಗೆ ಒಂದು ಇಂಜೆಕ್ಟರ್ ಸೋರಿದರೆ ಹತ್ತು ಕೆಮ್ಮಿಗೆ ಇನ್ನೇನಾಗಿರಬೇಕು? "ಬೀಡಿ ಗೀಡಿ ಹಚ್ಚೀರಿ, ಜೋಕೆ!" ಅಂತ ಎಲ್ಲರನ್ನೂ ಹೊರಗೆ ಓಡಿಸಿ, ಎರಡು ಗಂಟೆ ಕೂತು ನಾಲ್ಕೂ ಇಂಜೆಕ್ಟರ್ ಬಿಚ್ಚಿದೆ. ಒಂದರಲ್ಲೂ ಸೋರಿಕೆ ಇಲ್ಲ. ಬಿಚ್ಚಿದ ಮೇಲೆ ಇನ್ನೇನು, ತೊಳೆದು ಫಳಫಳ ಮಾಡಿಟ್ಟೆ.

ಒಳಗೆ ಹೋಗಿ ಪಿಸುಗುಟ್ಟಿದೆ. "ಅತ್ತೇ, ಪೆಟ್ರೋಲ್ ಎಲ್ಲಿಂದ ಬರ್ತಿದೆ?"

"ಪೆಟ್ರೋಲಾ?" ಕಣ್ಣೊರೆಸಿಕೊಳ್ಳುತ್ತಾ ಅಂದರು. "ಪಕ್ಕದ ಮನೆಯವರು ಸಾರಿನ ಪುಡಿಗೆ ಒಣಮೆಣಸಿನಕಾಯಿ ಹುರೀತಿದ್ರು ಅಳಿಯಂದ್ರೇ. ಏನು ಘಾಟು ಅಂತೀರಿ!"

ವಾಪಸ್ಸು ಬಂದು ನೋಡಿದರೆ ಬ್ಯಾಟರಿಯ ವೈರು ಸಡಿಲ. ಬಿಗಿ ಮಾಡಿದೆ, ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸದ್ಯ ಬದುಕಿದೆ ಅಂದುಕೊಂಡು, "ಬ್ಯಾಟರಿ ಅಷ್ಟೇ ಸಾರ್. ಇರಲಿ ಅಂತ ಇಂಜೆಕ್ಟರ್ ಎಲ್ಲ ಕ್ಲೀನ್ ಮಾಡಿದೀನಿ, ಅದು ಫ್ರೀ" ಅಂದೆ. ಅವರು ಕೈ ಮುಗಿದು ಹೋದರು.

ಮಾರನೆಯ ದಿನ ಬೆಳಿಗ್ಗೆ ಅಕ್ಕಿಪೇಟೆಯಿಂದ ಮೂರು ಕಾರು ಬಂದವು. ಮೂರರಲ್ಲೂ ಬ್ಯಾಟರಿ ವೈರನ್ನು ಅವರೇ ಸಡಿಲ ಮಾಡಿಕೊಂಡು ಬಂದಿದ್ದರು.

ಒಲೆ ಹಚ್ಚದ ಮನೆ

ಮಲ್ಲೇಶ್ವರದ ಹಳೇ ಗಿರಾಕಿಯೊಬ್ಬರ ಹೆಂಡತಿ ಫೋನು ಮಾಡಿದರು. ಮನೆಯೆಲ್ಲ ಗ್ಯಾಸ್ ವಾಸನೆಯಂತೆ. ಗ್ಯಾಸಿನವನು ಎರಡು ಸಲ ಬಂದು ನೋಡಿ ಸಿಲಿಂಡರ್, ಪೈಪ್, ಎಲ್ಲ ಸರಿ ಇದೆ ಅಂದನಂತೆ. ಆದರೂ ಭಯ. ಮೂರು ದಿನದಿಂದ ಒಲೆ ಹಚ್ಚಿಲ್ಲ, ದೀಪ ಹಚ್ಚಿಲ್ಲ, ಮೂರು ಹೊತ್ತೂ ಹೋಟೆಲ್. "ಕಾರೂ ಸ್ಟಾರ್ಟ್ ಆಗ್ತಿಲ್ಲ. ಅದಕ್ಕೆ ಅವಸರ ಇಲ್ಲ, ಪುರಸೊತ್ತಾದಾಗ ಬನ್ನಿ," ಅಂದರು.

ಹೆಂಡತಿ ಅಡ್ಡ ಬಂದಳು. "ಅಮ್ಮನ್ನೂ ಕರ್ಕೊಂಡು ಹೋಗಿ. ಮಾರ್ಕೆಟ್ ನೋಡಿ ತುಂಬ ದಿನ ಆಯ್ತು ಅಂತಿದ್ರು." ಆಟೋದಲ್ಲಿ ಹೊರಟೆವು.

ಅತ್ತೆ ಗೇಟಿನಲ್ಲಿ ನಿಂತು ಒಂದು ಸಲ ಉಸಿರೆಳೆದರು. ಕೆಮ್ಮುವುದೆಲ್ಲ ಮರೆತೇಹೋಯಿತು. ಸೀದಾ ಹೋಗಿ, ಅಡುಗೆಮನೆಯ ಕಿಟಕಿ ಪಕ್ಕ ನಿಂತಿದ್ದ ಕಾರಿನ ಬಾನೆಟ್ ಮೇಲೆ ಕೈಯಿಟ್ಟು, "ಗ್ಯಾಸೂ ಇಲ್ಲ ಗೀಸೂ ಇಲ್ಲ ಕಣಮ್ಮ. ನಿಮ್ಮ ಕಾರು ಸೋರ್ತಿದೆ," ಅಂದರು.

ಬಾನೆಟ್ ಎತ್ತಿದೆ. ಇಂಜೆಕ್ಟರಿನ ಬುಡದ ರಬ್ಬರ್ ಹರಿದು ಪೆಟ್ರೋಲ್ ಹೊರಗೇ ಜಿನುಗುತ್ತಿತ್ತು. ಆ ವಾಸನೆ ಕಿಟಕಿಯಿಂದ ನೆಟ್ಟಗೆ ಅಡುಗೆಮನೆಗೆ. ಯಜಮಾನತಿಗೆ ಹೋದ ಜೀವ ಬಂದ ಹಾಗಾಯಿತು. "ಅಯ್ಯೋ ದೇವರೇ, ಇಷ್ಟೇನಾ! ಇರಿ ಇರಿ, ಮೊದಲು ಕಾಫಿ ಇಡ್ತೀನಿ" ಅಂತ ಬೆಂಕಿಪೊಟ್ಟಣ ಹುಡುಕುತ್ತಾ ಒಳಗೆ ಓಡಿದರು.

"ಹಚ್ಚಬೇಡಿ!" ನಾನೂ ಅತ್ತೆಯೂ ಒಂದೇ ಉಸಿರಿಗೆ ಕಿರುಚಿದೆವು.

ಕಾರನ್ನು ರಸ್ತೆಗೆ ತಳ್ಳಿ, ಕಿಟಕಿ ಬಾಗಿಲು ತೆಗೆದಿಟ್ಟು, ರಬ್ಬರ್ ಹಾಕುವಾಗ ಯಜಮಾನರು ಮೆಲ್ಲಗೆ ನನ್ನ ಪಕ್ಕ ಬಂದು ಕೂತರು. "ಎಷ್ಟು ಹೊತ್ತಾಗುತ್ತೆ?"

"ಅರ್ಧ ಗಂಟೆ ಸಾರ್."

ಅವರು ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು. "ನಾಳೆ ಮಾಡಿದ್ರೆ ಆಗಲ್ವೇನಪ್ಪಾ? ಮೂವತ್ತು ವರ್ಷದಲ್ಲಿ ಮೊದಲನೇ ಸಲ ಮೂರು ದಿನ ಬೆಣ್ಣೆ ಮಸಾಲೆ ತಿಂದಿದೀನಿ."

ಕರೆಯಲು ಹೋದವರ ಕಾರು

ಅತ್ತೆ ಮೊಮ್ಮಗನ ನಾಮಕರಣಕ್ಕೆಂದು ಶ್ರೀರಾಂಪುರಕ್ಕೆ ಹೋದ ದಿನವೇ ಈ ಕಾರು ಬರಬೇಕೇ?

ಕಾರಿನ ಯಜಮಾನರು ಬಸವನಗುಡಿಯಲ್ಲಿ ಕಾಫಿಪುಡಿ ಅಂಗಡಿ ಇಟ್ಟವರು. ಹಿಂದಿನ ಸೀಟಿನಲ್ಲಿ ಸುಲ್ತಾನ್‌ಪೇಟೆಯಲ್ಲಿ ಅಚ್ಚು ಹಾಕಿಸಿದ ಮದುವೆ ಕಾರ್ಡುಗಳ ಗಂಟು. ಇಳಿಯುವಾಗಲೇ ಅಳು ಮುಖ. "ನೋಡ್ರೀ, ಹತ್ತು ದಿನಕ್ಕೆ ಮಗಳ ಮದುವೆ. ಬಾಗಿಲಲ್ಲೇ ಕಾರ್ಡ್ ಕೊಟ್ಟು ಬಂದ್ರೆ ಸ್ಟಾರ್ಟ್ ಆಗುತ್ತೆ. ಒಳಗೆ ಕೂತು ಕಾಫಿ ಕುಡಿದ್ರೆ ಆಗಲ್ಲ. ಕರೆಯೋಕೆ ಹೋದವನು ಅವರ ಕೈಲೇ ಕಾರು ತಳ್ಳಿಸ್ಕೊಂಡು ಬರ್ತಿದೀನಿ. ಇನ್ನು ಮದುವೆಗೆ ಯಾರು ಬರ್ತಾರೆ?"

ಬಿಸಿ ಇಂಜಿನ್ ಅರ್ಧ ಗಂಟೆ ನಿಂತರೆ ಸ್ಟಾರ್ಟ್ ಆಗುವುದಿಲ್ಲ ಅಂದರೆ ಇಂಜೆಕ್ಟರ್ ಮೇಲೇ ನನಗೆ ಅನುಮಾನ. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಒಂದನ್ನು ಬಿಚ್ಚಿದೆ. ಒದ್ದೆ. ಆದರೆ ಒದ್ದೆ ಅಂದರೆ ಎರಡು ಅರ್ಥ. ಪೆಟ್ರೋಲ್ ಆದರೆ ಒಂದು ಮಧ್ಯಾಹ್ನದ ಕೆಲಸ, ರೇಡಿಯೇಟರ್ ನೀರಾದರೆ ಇಂಜಿನ್ನೇ ಬಿಚ್ಚಬೇಕು, ಎರಡು ವಾರ. ಮದುವೆ ಮುಗಿದೇ ಹೋಗುತ್ತದೆ.

ಒಳಗೆ ಹೋಗಿ ಅತ್ತೆಗೆ ವಿಡಿಯೋ ಕಾಲ್ ಮಾಡಿ, ಅಭ್ಯಾಸಬಲದಿಂದ ಪ್ಲಗ್ಗನ್ನು ಫೋನಿಗೆ ಹಿಡಿದೆ. ಅವರೂ ಅಭ್ಯಾಸಬಲದಿಂದ ಫೋನನ್ನು ಮೂಗಿಗೆ ಹಿಡಿದರು. ಸ್ಕ್ರೀನ್ ತುಂಬಾ ಒಂದು ಮೂಗುಬೊಟ್ಟು, ಎರಡು ಹೊಳ್ಳೆ. ಜೋರಾಗಿ ಉಸಿರೆಳೆದು, "ಏನೂ ಬರ್ತಿಲ್ಲ ಅಳಿಯಂದ್ರೇ," ಅಂದರು. "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ."

ಬೇರೆ ದಾರಿ ಕಾಣದೆ ಹೊರಗೆ ಬಂದು ಪ್ಲಗ್ಗನ್ನು ಯಜಮಾನರ ಕೈಗೇ ಕೊಟ್ಟೆ. "ಆಮೇಲೆ ನಾನು ಸುಳ್ಳು ಹೇಳಿದೆ ಅನ್ನಬಾರದು. ನೀವೇ ಮೂಸಿ ನೋಡಿ ಸಾರ್."

ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು. "ನೀವು ಏನಂತೀರಿ?" ಅಂದರು.

"ನೀವೇ ಹೇಳಿ ಸಾರ್."

"ಇಲ್ಲ ಇಲ್ಲ, ನೀವು ತಿಳಿದವರು, ನೀವೇ ಹೇಳಿ."

ಹೀಗೆ ನಾಲ್ಕು ಸಲ ಆಯಿತು. ಕೊನೆಗೆ ಅವರು ಸುತ್ತ ನೋಡಿ ನನ್ನ ಕೈ ಹಿಡಿದರು. "ಯಾರಿಗೂ ಹೇಳಬೇಡಿ. ಜ್ವರ ಬಂದಾಗಿನಿಂದ ನನಗೆ ವಾಸನೆನೇ ಗೊತ್ತಾಗಲ್ಲ. ಕಾಫಿಪುಡಿ ಅಂಗಡಿಯವನು, ಹೊರಗೆ ಗೊತ್ತಾದ್ರೆ ಕಥೆ ಮುಗೀತು."

ನನ್ನ ಎದೆಯ ಮೇಲಿಂದ ಚಪ್ಪಡಿಕಲ್ಲು ಇಳಿದ ಹಾಗಾಯಿತು. "ನನಗೂ ಗೊತ್ತಾಗಲ್ಲ ಸಾರ್!" ಅಂದೆ. ಇಬ್ಬರೂ ಹಳೇ ನೆಂಟರ ಹಾಗೆ ಒಬ್ಬರ ಭುಜ ಒಬ್ಬರು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಮತ್ತೆ ಅಂಗಡಿ ಹೇಗೆ ನಡೆಸ್ತಿದೀರಿ?"

"ಪುಡಿ ಮಾಡಿದ ತಕ್ಷಣ ಗಿರಾಕಿ ಮೂಗಿಗೆ ಹಿಡಿದು, 'ಘಮ ಹೇಗಿದೆ, ನೀವೇ ಹೇಳ್ಬೇಕು' ಅಂತೀನಿ. ಅಂಗಡಿಯವರು ನಮ್ಮ ಅಭಿಪ್ರಾಯ ಕೇಳ್ತಾರೆ ಅಂತ ಈಗ ಜನ ಮೊದಲಿಗಿಂತ ಜಾಸ್ತಿ ಬರ್ತಿದಾರೆ."

ಆದರೂ ಪ್ಲಗ್ ಇನ್ನೂ ಕೈಯಲ್ಲೇ ಇತ್ತು. ಇನ್ನೊಂದು ಸಲ ನೋಡೋಣ ಅಂತ ಫುಟ್‌ಪಾತ್ ಮೇಲೆ ನಿಂತು ಅವರೊಂದು ಸಲ, ನಾನೊಂದು ಸಲ ಮೂಸತೊಡಗಿದೆವು. ದೇವಸ್ಥಾನದಿಂದ ಬರುತ್ತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತರು. "ಥೂ! ರಸ್ತೆ ತುದಿಗೇ ಪೆಟ್ರೋಲ್ ನಾತ ಹೊಡೀತಿದೆ, ಅದನ್ನು ಮಲ್ಲಿಗೆ ಹೂವಿನ ಥರ ಮೂಸ್ತಿದೀರಲ್ರಪ್ಪಾ!"

ಆ ತಾಯಿಗೆ ಇಬ್ಬರೂ ಕೈ ಮುಗಿದೆವು. ಇಂಜೆಕ್ಟರುಗಳನ್ನು ಹೊರತೆಗೆದು, ಇಂಜಿನ್ ತಿರುಗಿಸದೆ ಪಂಪ್ ಮಾತ್ರ ಚಾಲೂ ಮಾಡಿ ನೋಡಿದರೆ ಮೂರು ಗಪ್ಪಾಗಿ ಬಾಯಿ ಮುಚ್ಚಿಕೊಂಡಿದ್ದವು, ಒಂದು ಮಾತ್ರ ತೊಟ್ ತೊಟ್ ಅಂತ ಸುರಿಸುತ್ತಿತ್ತು. ಹೊಸದು ಹಾಕಿ, ಪ್ಲಗ್ ಒಣಗಿಸಿ, ಆಯಿಲ್ ಬದಲಾಯಿಸಿ ಮೂರು ಗಂಟೆಗೆ ಕಾರು ಕೊಟ್ಟೆ. "ಈಗ ಯಾರ ಮನೇಲಿ ಬೇಕಾದ್ರೂ ಕೂತು ಕಾಫಿ ಕುಡೀರಿ ಸಾರ್."

ಐದೂವರೆಗೆ ಅವರ ಫೋನು ಬಂತು. "ಬೀಗರ ಕಡೆಯವರ ಮನೆಗೆ ಹೋಗಿದ್ದೆ. ಕಾಫಿ, ತಿಂಡಿ, ಪೂರ್ತಿ ಮುಕ್ಕಾಲು ಗಂಟೆ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯ್ತು!"

"ಸದ್ಯ!" ಅಂದೆ. "ಮತ್ತೆ ಆರಾಮಾಗಿ ಬಂದ್ರಲ್ಲ?"

"ಎಲ್ಲಿ ಆರಾಮು!" ಅಂದರು. "ನನ್ನ ಕಾರಿನ ಸುದ್ದಿ ಕೇಳಿ ಅವರು ಪಂಚೆ ಎತ್ತಿ ಕಟ್ಕೊಂಡು, ಅಕ್ಕಪಕ್ಕದ ಮನೆಯ ನಾಲ್ಕು ಜನರನ್ನೂ ಸೇರಿಸ್ಕೊಂಡು ಕಾರಿನ ಹಿಂದೆ ಸಿದ್ಧವಾಗಿ ನಿಂತಿದ್ರು. ಬೀಗರ ಕಡೆಯವರು ನೋಡಿ, ಬೇಜಾರು ಮಾಡ್ಕೊಂಡಾರು ಅಂತ ಇಂಜಿನ್ ಆಫ್ ಮಾಡಿ, ಸರ್ಕಲ್‌ವರೆಗೂ ತಳ್ಳಿಸ್ಕೊಂಡೆ."