ಮಾತು ಬಿಟ್ಟವರಿಗೊಂದು ಡಬ್ಬಿ

ಸೇತುರಾಮ ಮೇಷ್ಟ್ರಿಗೆ ಆ ದಿನ ಗ್ರಹಚಾರ ವಕ್ಕರಿಸಿದ್ದು ಒಂದು ಬಟ್ಟಲು ಸೂಪಿನಿಂದ. ಸೂಪು ಇದ್ದದ್ದು ಹತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿ. ಎಲ್ಲೋ ಹಿಮ ಸುರಿಯುವ ದೇಶ, ಅಕ್ಕಪಕ್ಕದ ಮನೆಯಲ್ಲಿದ್ದೂ ಮಾತು ಬಿಟ್ಟ ಇಬ್ಬರು ಮುದುಕಿಯರು. ಒಬ್ಬಳಿಗೆ ಜ್ವರ ಬಂದಾಗ ಇನ್ನೊಬ್ಬಳು ಬೇಲಿ ದಾಟಿ ಸೂಪು ಒಯ್ಯುತ್ತಾಳೆ, ರಾಜಿಯಾಗುತ್ತದೆ. ಇಷ್ಟೇ ಪಾಠ.

ಯಲಹಂಕದ ಆ ಹೈಸ್ಕೂಲಿನಲ್ಲಿ ಮೇಷ್ಟ್ರದು ಆರು ವರ್ಷದಿಂದ ಟೆಂಪೊರರಿ ಕೆಲಸ. ಮಧ್ಯಾಹ್ನ ಶಾಲೆ ತನಿಖೆಗೆ ಇನ್‌ಸ್ಪೆಕ್ಟರು ಬರುವವರಿದ್ದರು.

"ಮಕ್ಕಳು ಗಿಳಿಪಾಠ ಒಪ್ಪಿಸಿದ್ರೆ ಅವ್ರು ಮೆಚ್ಚಲ್ಲ ಕಣ್ರೀ. ಪಾಠ ಮನಸ್ಸಿಗೆ ನಾಟಿರ್ಬೇಕು. ಆಗ್ಲೇ ನಿಮ್ಮ ಕೆಲಸ ಕಾಯಂ," ಎಂದಿದ್ದರು ಹೆಡ್‌ಮಾಸ್ಟರ್ ಶಿವಶರಣಪ್ಪ.

"ಸರ್, ಹಿಮ ಅಂದ್ರೆ ಐಸ್‌ಕ್ಯಾಂಡಿ ತರಾನಾ?" ಎಂದ ಕ್ಲಾಸಿನಲ್ಲಿ ಜಮೀರ್. ಉಳಿದ ಮಕ್ಕಳು ಆಕಳಿಸಿದರು.

ಮೇಷ್ಟ್ರು ಹಟ ಬಿಡುವ ಆಸಾಮಿಯಲ್ಲ. "ಹಿಮ ಹಾಳಾಗ್ಲಿ ಕಣ್ರೋ. ನಿಮಗೆ ಯಾರ ಮೇಲೆ ಕೋಪ ಇದ್ಯೋ, ಅವರಿಗೆ ಇವತ್ತು ನಿಮ್ಮ ಊಟದ ಡಬ್ಬಿ ಕೊಟ್ಟು ಬನ್ನಿ. ಆಮೇಲೆ ನೋಡಿ, ಆ ಮುದುಕಿ ನಿಮ್ಮ ಅಜ್ಜಿನೇ ಅನ್ನಿಸ್ತಾಳೆ."

ಊಟದ ಬೆಲ್ ಹೊಡೆಯಿತು. ಅದೇ ಕ್ಲಾಸಿನ ರೆಹಾನಾ ಸ್ಟಾಫ್ ರೂಮಿಗೆ ಬಂದು, ಮೇಷ್ಟ್ರ ಮೇಜಿನ ಮೇಲೆ ಖುಷ್ಕಾ ಅನ್ನದ ಡಬ್ಬಿ ಇಟ್ಟು, ನೆಲ ನೋಡುತ್ತಾ ಹೊರಟುಹೋದಳು. ಪಾಪ, ಗುರುಭಕ್ತಿ ಎಂದುಕೊಂಡರು ಮೇಷ್ಟ್ರು. ಅವಳ ಹಿಂದೆ ಜಮೀರ್. ಅವನ ಹಿಂದೆ ರೇಷನ್ ಅಂಗಡಿ ಕ್ಯೂನಂತೆ ಇಡೀ ಕ್ಲಾಸು. ಚಿತ್ರಾನ್ನ, ಮುದ್ದೆ, ಚಪಾತಿ, ಒಟ್ಟು ಮೂವತ್ತೆಂಟು ಡಬ್ಬಿ.

"ಯಾರ ಮೇಲೆ ಕೋಪವೋ ಅವರಿಗೆ ಕೊಡಿ ಅಂದ್ರಂತೆ?" ಎಂದು ಲೆಕ್ಕದ ಟೀಚರ್ ವೇದವತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೇಷ್ಟ್ರಿಗೆ ಆಗ ಹೊಳೆಯಿತು.

ಇನ್‌ಸ್ಪೆಕ್ಟರು ಬಂದರು, ಪಾಠದ ಬಗ್ಗೆ ಕೇಳಿದರು. ರೆಹಾನಾ ಎದ್ದು ನಿಂತಳು.

"ಕೋಪ ಇರೋರ ಮುಂದೆ ಡಬ್ಬಿ ಇಡೋವಾಗ ಕೈ ನಡುಗುತ್ತೆ ಸರ್. ಆ ಅಜ್ಜಿಗೂ ನಡುಗಿರುತ್ತೆ. ಆದ್ರೂ ಹೋದ್ಲಲ್ಲ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಭೇಷ್. ನಿಂಗೆ ಯಾರ ಮೇಲಮ್ಮ ಕೋಪ?"

"ನಮ್ಮ ಸರ್ ಮೇಲೆ. ಆಟದ ಪೀರಿಯಡ್ಡಲ್ಲೂ ಗ್ರಾಮರ್ ಮಾಡ್ತಾರೆ."

"ಮೂರು ವರ್ಷದಿಂದ ನನ್ನ ಮಜೀದ್ ಅಂತಾನೇ ಕರೀತಾರೆ ಸರ್," ಎಂದ ಜಮೀರ್. "ಮಜೀದ್ ನಮ್ಮಣ್ಣ."

"ಕೊನೇ ಪೀರಿಯಡ್ ನಿದ್ದೆ ಮಾಡ್ತಾರೆ," ಎಂದಿತು ಹಿಂದಿನ ಬೆಂಚು.

ಮೂವತ್ತೆಂಟು ಮಕ್ಕಳೂ ಮನಸ್ಸು ಬಿಚ್ಚಿ ಮಾತಾಡಿದರು. ಇನ್‌ಸ್ಪೆಕ್ಟರು ಬರೆದುಕೊಂಡರು: ಪಾಠ ಅತ್ಯುತ್ತಮ. ಕಾಯಂ ವಿಷಯ ಮುಂದಿನ ವರ್ಷ ನೋಡೋಣ.

ಮೇಷ್ಟ್ರಿಗೆ ಇನ್‌ಸ್ಪೆಕ್ಟರ ಮೇಲೆ ಮೈಯೆಲ್ಲ ಉರಿಯಿತು. ಆದರೆ ಮಕ್ಕಳಿಗೆ ಹೇಳಿದ್ದನ್ನು ತಾನೇ ಮಾಡದಿದ್ದರೆ ತಾನೆಂಥ ಮೇಷ್ಟ್ರು? ಖುಷ್ಕಾ ಡಬ್ಬಿ ಎತ್ತಿಕೊಂಡು ಹೊರಡಲು ನಿಂತಿದ್ದ ಜೀಪಿನತ್ತ ಓಡಿ, ನಡುಗುವ ಕೈಯಲ್ಲೇ ಇನ್‌ಸ್ಪೆಕ್ಟರ ತೊಡೆ ಮೇಲೆ ಇಟ್ಟರು. "ತಗೊಳ್ಳಿ ಸರ್. ನನ್ನ ಮನಸ್ಸಲ್ಲಿ ಇನ್ನೇನೂ ಇಲ್ಲ."

ಇನ್‌ಸ್ಪೆಕ್ಟರು ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು. ಫೈಲು ಬಿಚ್ಚಿ 'ಮುಂದಿನ ವರ್ಷ ನೋಡೋಣ' ಎಂಬುದನ್ನು ಹೊಡೆದುಹಾಕಿ ಹೊಸದಾಗಿ ಬರೆದರು: ಅಧಿಕಾರಿಗೆ ಆಮಿಷ ಒಡ್ಡಲು ಯತ್ನ.

ಡಬ್ಬಿಯನ್ನು ಸಾಕ್ಷಿಗೆಂದು ಜೀಪಿನಲ್ಲೇ ಇಟ್ಟುಕೊಂಡು ಹೋದರು.